ಮಾತಾಡಲು ಅಪ್ಪಣೆ

ಎಲ್ಲದಕ್ಕೂ ಕಾರಣ ಒಂದು ದವಡೆ ಹಲ್ಲು. ಅದೂ ಗುಮಾಸ್ತರದ್ದಲ್ಲ, ಅತಿಥಿಗಳನ್ನು ನೋಡಿಕೊಳ್ಳುವ ಫಾದರ್ ಅವರದ್ದು.

ಆ ಶಾಲೆಯನ್ನು ಕಟ್ಟಿದವರು ಬೆನೆಡಿಕ್ಟ್ ಸಂತರ ನಿಯಮ ಪಾಲಿಸುವ ಸನ್ಯಾಸಿಗಳು. ಈಗ ಅಲ್ಲಿ ಹಾಸ್ಟೆಲಿನ ಮಕ್ಕಳು ಇನ್ನೂರು, ಮನೆಯಿಂದ ಬಂದುಹೋಗುವವರು ಮುನ್ನೂರು. ಸನ್ಯಾಸಿಗಳು ಮಾತ್ರ ಏಳೇ ಜನ ಉಳಿದಿದ್ದರು. ಆದರೂ ಮಠದ ಒಂದು ಪದ್ಧತಿಯನ್ನು ಬಿಟ್ಟಿರಲಿಲ್ಲ. ವರ್ಷಕ್ಕೊಂದು ದಿನ, ಬೆಳಗಿನ ಗಂಟೆಯಿಂದ ಸಂಜೆ ಐದರ ಗಂಟೆಯವರೆಗೆ ಯಾರೂ ತುಟಿಪಿಟಕ್ಕೆನ್ನುವಂತಿಲ್ಲ. ಪಾಠವೂ ಬೋರ್ಡಿನ ಮೇಲೆ, ಬೈಗುಳವೂ ಬೋರ್ಡಿನ ಮೇಲೆ. ಹೊರಗಿನವರ ಜೊತೆ ಮಾತಾಡಲು ಅತಿಥಿ ಫಾದರ್ ಒಬ್ಬರಿಗೇ ಅಪ್ಪಣೆ.

ಆಫೀಸಿನ ಗುಮಾಸ್ತರು ಈ ದಿನಕ್ಕಾಗಿ ವರ್ಷವಿಡೀ ಕಾಯುತ್ತಿದ್ದರು. ಅವರ ಬಾಯಿಂದ ಮಾತು ಹೊರಡುವುದೆಂದರೆ ತುಕ್ಕು ಹಿಡಿದ ನಲ್ಲಿಯಲ್ಲಿ ನೀರು ಬಂದಂತೆ: ಮೊದಲು ಗೊರಗೊರ ಸದ್ದು, ಆಮೇಲೆ ಎರಡು ಹನಿ. ಮನೆಯಲ್ಲಿ ಹೆಂಡತಿ, ಅತ್ತೆ, ನಾದಿನಿ ಮೂವರೂ ಸೇರಿ ಇವರ ಪಾಲಿನ ಮಾತನ್ನೂ ಆಡಿ ಮುಗಿಸುತ್ತಿದ್ದರು.

ಆ ಬೆಳಿಗ್ಗೆ ಹಲ್ಲುನೋವಿಗೆ ಅತಿಥಿ ಫಾದರ್ ಅವರ ಕೆನ್ನೆ ಚೆಂಡಿನಂತೆ ಊದಿತ್ತು. ಗಂಟೆ ಹೊಡೆಯಲು ಎರಡೇ ನಿಮಿಷವಿರುವಾಗ ಹೆಡ್‌ಮಾಸ್ಟರ್ ಫಾದರ್ ಆಫೀಸಿಗೆ ಬಂದರು.

"ಗುಮಾಸ್ತ್ರೇ, ಇವತ್ತು ಅವರ ಬದಲು ನೀವು ಮಾತಾಡ್ಬೇಕು."

"ನಾನಾ? ಫಾದರ್, ಬೇರೆ ಯಾರಾದ್ರೂ..."

"ಬೇರೆಯವರಿಗೆ ಅಪ್ಪಣೆ ಕೊಟ್ರೆ ನಿಲ್ಲಿಸೋದೇ ಇಲ್ಲ. ನಿಮ್ಮ ಮೇಲೆ ನಂಗೆ ಪೂರ್ತಿ ನಂಬಿಕೆ."

ಹಾಗೆಂದವರೇ ಒಂದು ಮರದ ಫಲಕವನ್ನು ಅವರ ಕೊರಳಿಗೆ ತೂಗುಹಾಕಿದರು. 'ಇವರಿಗೆ ಮಾತಾಡಲು ಅಪ್ಪಣೆ ಇದೆ' ಎಂದು ಅದರಲ್ಲಿ ಬರೆದಿತ್ತು. ಗುಮಾಸ್ತರು ಬೇಡವೆನ್ನಲು ಬಾಯಿ ತೆರೆಯುವಷ್ಟರಲ್ಲಿ ಗಂಟೆ ಢಣ್ ಎಂದಿತು. ಫಾದರ್ ತುಟಿಗೆ ಬೆರಳಿಟ್ಟುಕೊಂಡು ನಡೆದೇಬಿಟ್ಟರು.

ಮೊದಲು ಬಂದವನು ಹಾಲಿನವನು. ಅವನ ಹಿಂದೆಯೇ ಅಡುಗೆ ಬ್ರದರ್ ಬಂದು ಗುಮಾಸ್ತರ ಕೈಗೊಂದು ಚೀಟಿ ತುರುಕಿದರು. ಗುಮಾಸ್ತರು ಹಿಂದುಮುಂದು ನೋಡದೆ ಓದಿದರು: "ನಿನ್ನ ಹಾಲಲ್ಲಿ ನನ್ನ ಮುಖ ಕಾಣುತ್ತೆ. ನಾಚಿಕೆ ಆಗಲ್ವಾ ನಿಂಗೆ?"

ಹಾಲಿನವನು ಕ್ಯಾನು ಕುಕ್ಕಿದ. "ಇಷ್ಟು ದಿನ ನಿಮ್ಮನ್ನ ಸಾಧು ಅಂದ್ಕೊಂಡಿದ್ದೆ ಸರ್. ಹೊಟ್ಟೇಲಿ ಇಷ್ಟೆಲ್ಲ ಇಟ್ಕೊಂಡಿದ್ರಾ?"

ಅಡುಗೆ ಬ್ರದರ್ ಮಾತ್ರ ಪ್ರಶಸ್ತಿ ಬಂದವರಂತೆ ಬೀಗುತ್ತ ಒಳಗೆ ಹೋದರು. ಈ ಸುದ್ದಿ ಒಂದು ಮಾತೂ ಇಲ್ಲದೆ ಶಾಲೆಯಿಡೀ ಹಬ್ಬಿತು. ಬಾಡಿಗೆಯಿಲ್ಲದ ಬಾಯೊಂದು ಆಫೀಸಿನಲ್ಲಿದೆ ಎಂದು ಗೊತ್ತಾದ ಮೇಲೆ ಯಾರು ಸುಮ್ಮನಿರುತ್ತಾರೆ?

ಮಧ್ಯಾಹ್ನಕ್ಕೆ ಗಣಿತದ ಮೇಷ್ಟ್ರು ಅವರನ್ನು ಕೈಹಿಡಿದು ಎಳೆದುಕೊಂಡು ಹೋಗಿ ಸಂಗೀತದ ಮೇಡಂ ಮುಂದೆ ನಿಲ್ಲಿಸಿದರು. ಇಬ್ಬರ ಕ್ಲಾಸಿಗೂ ನಡುವೆ ಒಂದೇ ಗೋಡೆ, ಎರಡು ವರ್ಷದ ಜಗಳ. ಮೇಷ್ಟ್ರ ಚೀಟಿಯ ತಲೆಯ ಮೇಲೆ 'ಸಿಟ್ಟಿನಿಂದ ಓದಿ' ಎಂದು ಬರೆದು ಎರಡು ಗೆರೆ ಎಳೆದಿದ್ದರು.

"ನಿಮ್ಮ ಮಕ್ಕಳ ಹಾಡಿಗೆ ನನ್ನ ಬೋರ್ಡಿನ ಮೇಲಿನ ವೃತ್ತ ಮೊಟ್ಟೆ ಆಗ್ತಿದೆ!" ಎಂದು ಗುಮಾಸ್ತರು ಮೆಲ್ಲಗೆ ಓದಿದರು. ಮೇಷ್ಟ್ರು ಕೈ ಮೇಲೆತ್ತಿ ಇನ್ನೂ ಜೋರಾಗಿ ಎಂದು ಸನ್ನೆ ಮಾಡಿದರು. ಗುಮಾಸ್ತರು ಕಿರುಚಿದರು.

ಮೇಡಂ ಚಕಚಕನೆ ಬರೆದುಕೊಟ್ಟರು. ಅವರ ಚೀಟಿಯ ತಲೆಯ ಮೇಲೆ, 'ಮೊದಲು ವ್ಯಂಗ್ಯ, ಆಮೇಲೆ ಅಳು.'

ಗುಮಾಸ್ತರು ಆ ಕಡೆಯಿಂದ ಈ ಕಡೆಗೆ ತಿರುಗಿದರು. "ಆಹಾ, ನಿಮ್ಮ ಮಗ್ಗಿಯ ಆರ್ಭಟಕ್ಕೆ ನನ್ನ ಪಿಯಾನೋ ಶ್ರುತಿ ಬಿಟ್ಟಿದೆ. ಅದು ನಮ್ಮಜ್ಜಿ ಪಿಯಾನೋ ಸ್ವಾಮೀ..." ಇಲ್ಲಿಗೆ ಬರುವಷ್ಟರಲ್ಲಿ ಅವರು ನಿಜವಾಗಿಯೂ ಅತ್ತೇಬಿಟ್ಟರು. ಮೂಗೊರೆಸಿಕೊಂಡು ಮತ್ತೆ ತಿರುಗಿ, ಮೇಷ್ಟ್ರ ಹೊಸ ಚೀಟಿ ಹಿಡಿದು ಗುಡುಗಿದರು: "ಅಜ್ಜಿ ವಿಷಯ ಎತ್ತಬೇಡಿ!"

ಅಷ್ಟರಲ್ಲಿ ಯಾರೋ ಕಿಲಕಿಲನೆ ನಕ್ಕರು.

ವರಾಂಡದ ಕೊನೆಯಲ್ಲಿ ಕರಿ ಕೋಟಿನ ವಕೀಲೆಯೊಬ್ಬರು ಹತ್ತು ವರ್ಷದ ಮಗಳ ಕೈಹಿಡಿದು ನಿಂತಿದ್ದರು. ಮಗಳನ್ನು ಹಾಸ್ಟೆಲಿಗೆ ಸೇರಿಸಲು ಬಂದವರಿಗೆ ಕಂಡದ್ದು ಇಷ್ಟು: ಒಬ್ಬ ನಡುವಯಸ್ಸಿನ ಮನುಷ್ಯ ತನಗೆ ತಾನೇ ಬೈದುಕೊಂಡು, ತಾನೇ ಅತ್ತು, ತಾನೇ ಉತ್ತರ ಕೊಡುತ್ತಿದ್ದಾನೆ, ಅಕ್ಕಪಕ್ಕ ಇಬ್ಬರು ಮಾತಿಲ್ಲದೆ ತಲೆದೂಗುತ್ತಿದ್ದಾರೆ.

"ಹೆಡ್‌ಮಾಸ್ಟರ್‌ನ ನೋಡ್ಬೇಕಿತ್ತು," ಎಂದರು ವಕೀಲೆ.

"ಐ... ಐದು ಗಂಟೆ ಮೇಲೆ," ಎಂದವರೇ ಗುಮಾಸ್ತರು ಓಟ ಕಿತ್ತರು. ಹಳೆಯ ರಿಜಿಸ್ಟರುಗಳ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡರು. ಶಾಲೆಯ ಮಾನ ಹೋಯಿತು, ತನ್ನ ಕೆಲಸವೂ ಹೋಯಿತು ಎಂದು ಧೂಳಿನಲ್ಲಿ ಕೂತು ಬೆವರಿದರು. ಮನೆಗೆ ಹೋಗಿ ಇದನ್ನು ಯಾವ ಮಾತಿನಲ್ಲಿ ಹೇಳುವುದು ಎಂಬುದು ಅದಕ್ಕಿಂತ ದೊಡ್ಡ ಚಿಂತೆಯಾಯಿತು.

ಐದರ ಗಂಟೆ ಹೊಡೆಯಿತು. ಐನೂರು ಮಕ್ಕಳ ಮಾತು ಒಟ್ಟಿಗೇ ಕಟ್ಟೆಯೊಡೆಯಿತು. ಊಟದ ಹಾಲ್‌ನಿಂದ ಗುಮಾಸ್ತರಿಗೆ ಕರೆ ಬಂತು. ಅಲ್ಲಿ ಇಡೀ ಶಾಲೆ ಸೇರಿತ್ತು. ಹೆಡ್‌ಮಾಸ್ಟರ್ ಪಕ್ಕದಲ್ಲಿ ವಕೀಲೆ ಕೂತಿದ್ದರು.

"ಫಾದರ್, ನನ್ನ ಮಗಳು ಹೊರಗಿನವರ ಮುಂದೆ ಬಾಯೇ ಬಿಡಲ್ಲ," ಎಂದರು ವಕೀಲೆ. "ಮೂರು ಸ್ಕೂಲು ಬದಲಾಯಿಸಿದ್ದಾಯ್ತು. ಇವತ್ತು ಇವರ ನಾಟಕದ ತಾಲೀಮು ನೋಡಿ ಗಟ್ಟಿಯಾಗಿ ನಕ್ಕಳು. 'ಅಮ್ಮಾ, ಆ ಮಾಮ ನಾಳೆನೂ ಇರ್ತಾರಾ' ಅಂತ ಕೇಳಿದ್ಲು. ಇವರು ಮಾತು ಕಲಿಸೋದಾದ್ರೆ ಈಗಲೇ ಸೇರಿಸ್ತೀನಿ."

"ಅದಕ್ಕೇನಂತೆ? ನಾಳೆಯಿಂದ ಎಲ್ಲಾ ಕ್ಲಾಸಿಗೂ ವಾರಕ್ಕೊಂದು ಪೀರಿಯಡ್ ಭಾಷಣ ಕಲೆ. ಗುಮಾಸ್ತರೇ ಕಲಿಸ್ತಾರೆ!" ಎಂದರು ಹೆಡ್‌ಮಾಸ್ಟರ್.

ಈಗ ಸುಮ್ಮನಿದ್ದರೆ ಕೆಟ್ಟೆ ಎಂದುಕೊಂಡು ಗುಮಾಸ್ತರು ಬೆಂಚು ಹಿಡಿದು ನಿಂತರು.

"ಫಾದರ್, ಕೈಮುಗೀತೀನಿ, ನನ್ನಿಂದಾಗಲ್ಲ! ಮಾತು ಅಂದ್ರೆ ನಂಗೆ ಪ್ರಾಣಭಯ. ಮದುವೆ ದಿನ ಚರ್ಚಲ್ಲಿ 'ಒಪ್ಪಿಗೆನಾ' ಅಂತ ಮೂರು ಸಲ ಕೇಳಿದ್ರು, ಕೊನೆಗೆ 'ಒಪ್ಪಿಗೆ' ಅಂದವರು ನಮ್ಮತ್ತೆ! ಬಸ್ಸಲ್ಲಿ 'ನಿಲ್ಸಿ' ಅನ್ನೋಕಾಗದೆ ಎಷ್ಟು ಸಲ ಮೂರು ಸ್ಟಾಪು ಮುಂದೆ ಹೋಗಿ ನಡ್ಕೊಂಡು ವಾಪಸ್ ಬಂದಿದೀನಿ! ಫೋನ್ ಹೊಡ್ಕೊಂಡ್ರೆ ಕಪಾಟಿನ ಹಿಂದೆ ನಿಲ್ತೀನಿ. ಮಾತಾಡಕ್ಕೆ ಬರದೇ ಇರೋರ ಕಷ್ಟ ಮಾತಾಡೋರಿಗೆ ಏನು ಗೊತ್ತು ಫಾದರ್? ಹೇಳಬೇಕು ಅಂತ ಎದೇಲಿ ಇಷ್ಟಿರುತ್ತೆ, ನಾಲಿಗೆ ತುದಿಗೆ ಬರೋ ಹೊತ್ತಿಗೆ ಎದುರಿನೋರು ಎದ್ದು ಹೋಗಿರ್ತಾರೆ..."

ಅವರು ನಿಲ್ಲಿಸಿದಾಗ ಮೊದಲು ಚಪ್ಪಾಳೆ ತಟ್ಟಿದ್ದು ವಕೀಲೆಯ ಮಗಳು. ಆಮೇಲೆ ಐನೂರು ಮಕ್ಕಳೂ ಬೆಂಚು ಬಡಿದರು. ಗಣಿತದ ಮೇಷ್ಟ್ರು ತಮ್ಮ ಕರವಸ್ತ್ರವನ್ನು ಸಂಗೀತದ ಮೇಡಂ ಕೈಗೆ ಕೊಟ್ಟರು.

ಹೆಡ್‌ಮಾಸ್ಟರ್ ಫಾದರ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಗುಮಾಸ್ತ್ರೇ, ಇಂಥ ಭಾಷಣ ಈ ಹಾಲ್‌ನಲ್ಲಿ ನಾನು ಕೇಳೇ ಇರ್ಲಿಲ್ಲ. ಒಂದು ಪೀರಿಯಡ್ ಸಾಲೋದಿಲ್ಲ, ಎರಡು ಮಾಡಿಬಿಡೋಣ."

ಇನ್ನೊಂದು ಮಾತಾಡಿದರೆ ಎಲ್ಲಿ ಮೂರಾಗುತ್ತದೋ ಎಂದು ಹೆದರಿ, ಗುಮಾಸ್ತರು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು.