ನಮ್ಮ ಅಟ್ಟದ ಕೆಳಗೆ ದಯಮಾಡಿಸಿರುವ ಇಟಲಿಯ ಬೈಕಿಗೆ

ಮಾನ್ಯರೇ,

ಬಿಳಿಗೆರೆಯ ಸಮಸ್ತ ತೆಂಗಿನ ಮರಗಳ ಪರವಾಗಿ, ನಮ್ಮ ಮನೆಯ ಸೀಮೆಹಸುಗಳು ಮತ್ತು ತಮ್ಮಿಂದಾಗಿ ಜಾಗ ಕಳೆದುಕೊಂಡಿರುವ ಕರುವಿನ ಪರವಾಗಿ, ಹಾಗೂ ಮಹಿಳಾ ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿಯಾದ ಸೌಮ್ಯ ಎಂಬ ನನ್ನ ಪರವಾಗಿ ತಮಗೆ ಅನಂತ ವಂದನೆಗಳು. ಸಮುದ್ರದಾಚೆ ಇಟಲಿಯಲ್ಲಿ ಹುಟ್ಟಿ, ಹಡಗು ಹತ್ತಿ, ಬೆಂಗಳೂರಿನ ಯಾರೋ ಪುಣ್ಯವಂತರ ಮನೆಯಲ್ಲಿ ಬೆಳೆದ ತಾವು, ಹಂಡೆಯಷ್ಟು ದೊಡ್ಡ ಟ್ಯಾಂಕು, ಎರಡೂ ಪಕ್ಕಕ್ಕೆ ಬೀಗ ಹಾಕುವ ಪೆಟ್ಟಿಗೆ, ಎದುರಿಗೆ ಗಾಳಿ ತಡೆಯುವ ಗಾಜು ಸಮೇತ ನಮ್ಮಂಥವರ ಮನೆಗೆ ಬಂದಿರುವುದು ಸಾಮಾನ್ಯ ಸಂಗತಿಯಲ್ಲ. ನಾನು ಇದುವರೆಗೆ ಬೀದಿದೀಪಕ್ಕೆ, ಟ್ರಾನ್ಸ್‌ಫಾರ್ಮರಿಗೆ, ಡೇರಿ ಮುಂದಿನ ಗುಂಡಿಗೆ ಸಂಬಂಧಿಸಿದಂತೆ ಎಷ್ಟೋ ಅರ್ಜಿ ಬರೆದಿದ್ದೇನೆ. ಯಾವುದಕ್ಕೂ ಉತ್ತರ ಬಂದದ್ದಿಲ್ಲ, ಹಾಗಾಗಿ ತಾವು ಉತ್ತರಿಸದಿದ್ದರೂ ನನಗೇನೂ ಬೇಸರವಿಲ್ಲ.

ತಮ್ಮನ್ನು ಇಲ್ಲಿಗೆ ಕರೆತಂದವರು ನಮ್ಮ ಯಜಮಾನರಾದ ಜ್ಞಾನೇಶ್ ಅವರ ಸೋದರತ್ತೆಯ ಮಗ, ತಿಪಟೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟಿರುವ ಮಹಾಂತೇಶಣ್ಣ. ತಮ್ಮನ್ನು ಏರಿ ಗೋವಾಕ್ಕೆ ಹೋಗಿಬಂದ ಮೇಲೆ ಅವರಿಗೆ ಸೊಂಟ ಹಿಡಿದುಕೊಂಡು, ಇನ್ನು ಮೇಲೆ ಕಾರಿನಲ್ಲೇ ಓಡಾಡಿ ಎಂದು ಡಾಕ್ಟರು ಹೇಳಿಬಿಟ್ಟರಂತೆ. ಕೆಲವು ದಿನ ಇಟ್ಟುಕೊಂಡು ಓಡಿಸಿ ನೋಡು, ಹಿಡಿಸಿದರೆ ನಿನಗೇ ಇರಲಿ, ಬದಲಿಗೆ ನಿಮ್ಮ ಮನೆಯ ಎರಡೂ ಗಾಡಿ ಕೊಟ್ಟುಬಿಡು, ಮಂಡಿಯ ಕೆಲಸದವರ ಓಡಾಟಕ್ಕಾಗುತ್ತದೆ, ಉಳಿದದ್ದನ್ನು ಮುಂದೆ ಬರುವ ಕೊಬ್ಬರಿಯಲ್ಲಿ ನೋಡಿಕೊಳ್ಳೋಣ ಎಂದು ಹೇಳಿ ತಮ್ಮನ್ನು ನಮ್ಮ ಅಂಗಳದಲ್ಲಿ ಬಿಟ್ಟು ಹೋದರು. ಆ ಲೆಕ್ಕವೆಲ್ಲ ಭಾವ ಮೈದುನರಿಗೇ ಇರಲಿ, ನನ್ನ ದೂರು ಅದಲ್ಲ.

ನನ್ನ ದೂರು ಇರುವುದು ಆ 'ಎರಡೂ ಗಾಡಿ' ಎಂಬ ಮಾತಿನ ಬಗ್ಗೆ. ಒಂದು ಗಾಡಿ ಇವರ ಸ್ಪ್ಲೆಂಡರ್, ಇನ್ನೊಂದು ನನ್ನ ಎಕ್ಸೆಲ್ ಮೊಪೆಡ್. ಅದನ್ನು ತಾವು ಅಟ್ಟದ ಕೆಳಗಿನಿಂದಲೇ ಓರೆಗಣ್ಣಿನಲ್ಲಿ ನೋಡಿರಬಹುದು. ಹಾಲಿನ ಕ್ಯಾನು ಉಜ್ಜಿ ಉಜ್ಜಿ ಮುಂದಿನ ಬಣ್ಣ ಹೋಗಿದೆ, ಸೀಟಿಗೆ ಗೊಬ್ಬರದ ಚೀಲ ಹೊಲಿದು ಹಾಕಿದೆ, ಒಂದು ಕಡೆಯ ಕನ್ನಡಿಯೇ ಇಲ್ಲ. ಮಗಳು ಕೃತಿಕಾ ಹೈಸ್ಕೂಲಿಗೆ ಹೋಗುತ್ತಿದ್ದಾಗ ನಮ್ಮ ಕಣದಲ್ಲಿ ಅದನ್ನು ಕಲಿಯಲು ಹೋಗಿ ತಿಪ್ಪೆಗೆ ಬಿದ್ದು ಊರನ್ನೆಲ್ಲ ನಗಿಸಿದವಳು ನಾನು. ಅದಕ್ಕೆ ಮುಂಚೆ ತುರುವೇಕೆರೆ ಪಕ್ಕದ ತವರಿಗೆ ಹೋಗಬೇಕಾದರೂ, ಸಂಘದ ಮೀಟಿಂಗಿಗೆ ಹೋಗಬೇಕಾದರೂ, ತಲೆನೋವಿನ ಮಾತ್ರೆ ತರಬೇಕಾದರೂ ಇವರ ಮುಖ ನೋಡಿಕೊಂಡು ನಿಲ್ಲಬೇಕಿತ್ತು. ಇವರು ಒಳ್ಳೆಯವರೇ, ಆಗುವುದಿಲ್ಲ ಎಂದು ಒಂದು ದಿನವೂ ಹೇಳಿದವರಲ್ಲ, "ನಾಳೆ ನೋಡಾನ ಬುಡು" ಎಂದಷ್ಟೇ ಹೇಳುತ್ತಿದ್ದರು. ಎಕ್ಸೆಲ್ ಬಂದ ದಿನದಿಂದ ನಾನು ಯಾರ ನಾಳೆಗೂ ಕಾಯ್ದಿಲ್ಲ. ಈಗ ಅದೇ ಎಕ್ಸೆಲ್ ಹೋಗಿ ತಾವು ಬರಬೇಕಂತೆ, ತಮ್ಮ ಹಿಂದಿನ ಸೀಟಿನಲ್ಲಿ ನನ್ನನ್ನು ರಾಣಿಯ ಹಾಗೆ ಕೂರಿಸಿಕೊಂಡು ಎಲ್ಲಿಗೆ ಬೇಕಾದರೂ ಕರೆದುಕೊಂಡು ಹೋಗುತ್ತಾರಂತೆ.

ಇನ್ನು ತಮ್ಮನ್ನು ಇವರು ಪರೀಕ್ಷೆ ಮಾಡಿದ ರೀತಿಯನ್ನು ತಮ್ಮ ಹುಟ್ಟೂರಿನವರು ಕೇಳಿದರೆ ಕಕ್ಕಾಬಿಕ್ಕಿಯಾದಾರು. ನಮ್ಮ ಯಜಮಾನರಿಗೆ ಕಾಯಿಯ ವಿಚಾರದಲ್ಲಿ ಊರಲ್ಲೊಂದು ಹೆಸರಿದೆ. ವರ್ಷವಿಡೀ ಅಟ್ಟದ ಮೇಲೆ ಮಲಗಿದ್ದ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗಿನ ನೀರೆಲ್ಲ ಇಂಗಿ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಎಂದು ಒಡೆಯದೆಯೇ ಹೇಳಿಬಿಡುತ್ತಾರೆ. ಲೊಡಲೊಡ ಎಂದರೆ ಉಂಡೆ ಕೊಬ್ಬರಿ ಆಯಿತು, ಸದ್ದು ಬಾರದಿದ್ದರೆ ಇನ್ನೂ ಹಸಿ. ಅದೇ ಕಿವಿಯನ್ನು ಇವರು ಸ್ಟಾರ್ಟ್ ಆಗಿದ್ದ ತಮ್ಮ ಹೊಟ್ಟೆಗೂ ಆನಿಸಿದರು, ತಾವು ಲೊಡಲೊಡ ಎಂದಿರಿ. ಇವರ ಮುಖ ಅರಳಿದ್ದನ್ನು ನೋಡಬೇಕಿತ್ತು! ಒಳಗೆಲ್ಲ ಚೆನ್ನಾಗಿ ಮಾಗಿದೆ, ಇನ್ನು ಬಿಚ್ಚಿ ನೋಡುವುದೇನೂ ಬೇಡ ಎಂದು ತೀರ್ಪು ಕೊಟ್ಟರು. ಯಾರಾದರೂ ತಿಳಿದ ಮೆಕ್ಯಾನಿಕ್ಕಿಗೆ ತೋರಿಸೋ ಎಂದು ಮಹಾಂತೇಶಣ್ಣ ಪಾಪ ಎರಡೆರಡು ಸಲ ಹೇಳಿದರೂ ಇವರು ನಕ್ಕುಬಿಟ್ಟರು. ಸಾಲದ್ದಕ್ಕೆ ಒಂದು ಕಾಲಕ್ಕೆ ಕೊಬ್ಬರಿ ವ್ಯಾಪಾರ ಮಾಡುತ್ತಿದ್ದ ದೊಡ್ಡಮಾವ ಮರುಳಸಿದ್ದಯ್ಯನವರು ಬಂದು, ಕಣ್ಣು ಮುಚ್ಚಿ, ತಲೆದೂಗಿ, ಇಂಥ ಸದ್ದು ಕೇಳಿ ಬಹಳ ಕಾಲವಾಗಿತ್ತು ಎಂದರು. ಆಮೇಲೆ ಕಿವಿಯಿದ್ದ ಗಂಡಸರೆಲ್ಲ ಒಬ್ಬೊಬ್ಬರಾಗಿ ಬಂದು ಬಗ್ಗಿ ಕೇಳಿಕೊಂಡು ಹೋದರು.

ತಮಗೆ ಮಾಡಿದ ಉಪಚಾರವಾದರೂ ಕಡಿಮೆಯೇ? ತೋಟದಲ್ಲಿ ನಿಲ್ಲಿಸಿದರೆ ಕಾಯಿ ಬಿದ್ದೀತು, ಅಂಗಳದಲ್ಲಿ ನಿಲ್ಲಿಸಿದರೆ ಗರಿ ಬಿದ್ದೀತು ಎಂದು ಅಟ್ಟದ ಕೆಳಗೆ ಬೆಚ್ಚಗೆ ಮಲಗುತ್ತಿದ್ದ ಕರುವನ್ನು ಆಚೆ ಕಟ್ಟಿ ಆ ಜಾಗವನ್ನು ತಮಗೆ ಬಿಟ್ಟುಕೊಟ್ಟರು. ನಮ್ಮತ್ತೆ ಗುರುಸಿದ್ದಮ್ಮನವರು ತಮ್ಮನ್ನು ಒಂದು ಸುತ್ತು ಹಾಕಿ, ಇದಕ್ಕೆ ಹಿಂಡಿ ಎಷ್ಟು ಬೇಕಪ್ಪ ಎಂದು ಮಗನನ್ನು ವಿಚಾರಿಸಿದರು. ತಾವು ಗಂಟೆಗೆ ಇನ್ನೂರು ಕಿಲೋಮೀಟರು ದಾಟಬಲ್ಲಿರಂತೆ, ಸಂತೋಷ. ನಮ್ಮ ಮನೆಯಿಂದ ಟಾರು ರಸ್ತೆಗೆ ಹೋಗುವ ಗಾಡಿದಾರಿಯಲ್ಲಿ ಎಮ್ಮೆ ಅಡ್ಡ ಬಂದರೆ ಎಮ್ಮೆಯ ವೇಗ, ಬಾರದಿದ್ದರೆ ಅದಕ್ಕಿಂತ ಒಂದಿಷ್ಟು ಹೆಚ್ಚು. ಊರೊಳಗಿನ ಪ್ರತಿಯೊಂದು ರೋಡ್ ಹಂಪೂ ತಮ್ಮ ಹೊಟ್ಟೆಯನ್ನು ಒಂದು ಸಲ ಮುಟ್ಟಿ ನೋಡಿಯೇ ಕಳಿಸುತ್ತದೆ. ತಮ್ಮ ಮೇಲೆ ಕೂತರೆ ಇವರಿಗೆ ತುದಿಗಾಲಷ್ಟೇ ನೆಲಕ್ಕೆ ಎಟಕುವುದರಿಂದ, ಪಕ್ಕದಲ್ಲಿ ಕಾಲೂರಲು ಕಲ್ಲೋ ಕಟ್ಟೆಯೋ ಇರುವ ಕಡೆಯೇ ನಿಲ್ಲಿಸಬೇಕು. ಮೊನ್ನೆ ಅದೇ ಮರುಳಸಿದ್ದಯ್ಯ ಮಾವ ದಾರಿಯಲ್ಲಿ ಕೈ ಅಡ್ಡ ಹಿಡಿದಾಗ ಅಲ್ಲಿ ಕಲ್ಲಿರಲಿಲ್ಲವಾಗಿ ಇವರು ನಿಲ್ಲಿಸದೆ ಹೊರಟುಹೋದರು, ಜ್ಞಾನೇಶನಿಗೆ ಈಗ ಕೊಬ್ಬು ಬಂದಿದೆ ಎಂದು ಮಾವ ಇವತ್ತಿಗೂ ಮಾತು ಬಿಟ್ಟಿದ್ದಾರೆ.

ಆದ್ದರಿಂದ ತಾವು ನಮ್ಮಲ್ಲೇ ನೆಲೆಸುವುದಾದರೆ ಕೆಲವು ಚಿಕ್ಕಪುಟ್ಟ ತಿದ್ದುಪಡಿಗಳನ್ನು ಮಾಡಿಕೊಳ್ಳಬೇಕಾಗಿ ಸವಿನಯ ಪ್ರಾರ್ಥನೆ. ಮುಂದುಗಡೆ ಎರಡು ಹಾಲಿನ ಕ್ಯಾನು ಇಡಲು ಜಾಗ ಮಾಡಿಕೊಳ್ಳುವುದು, ಹಿಂದೆ ಒಂದು ಹೊರೆ ಸೀಮೆಹುಲ್ಲು, ಅದರ ಮೇಲೆ ಒಂದು ಮೂಟೆ ಹಿಂಡಿ, ಅದರ ಮೇಲೆ ದಾರಿಯಲ್ಲಿ ಸಿಕ್ಕಿದ ನೆಂಟರು ಕೂತರೂ ಮುಖ ಗಂಟಿಕ್ಕದಿರುವುದು, ಸೀರೆ ಉಟ್ಟವರು ಒಂದೇ ಕಡೆಗೆ ಕಾಲು ಹಾಕಿ ಕೂರುವಂತೆ ಆ ಪೆಟ್ಟಿಗೆಗಳನ್ನು ಹೊಟ್ಟೆಯೊಳಗೆ ಎಳೆದುಕೊಳ್ಳುವುದು, ಕಾಲಿಗೆ ಹೊಡೆಯುವ ತಮ್ಮ ಬಿಸಿಯಲ್ಲಿ ಬೆಳಗಿನ ಹೊತ್ತು ಸ್ನಾನದ ನೀರನ್ನಾದರೂ ಕಾಯಿಸಿಕೊಡುವುದು, ಪೆಟ್ರೋಲು ಮುಗಿದ ದಿನ ತೋಟದ ಬದುವಿನಲ್ಲಿ ಸ್ವಲ್ಪ ಮೇದುಕೊಂಡು ಸುಧಾರಿಸಿಕೊಳ್ಳುವುದು. ನನ್ನ ಎಕ್ಸೆಲ್ ಇದರಲ್ಲಿ ಕೊನೆಯ ಎರಡನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಯಾವ ಅರ್ಜಿಯೂ ಇಲ್ಲದೆ ಮಾಡುತ್ತಿದೆ.

ಹಾಗೆಂದು ನಾನು ನ್ಯಾಯ ಬಿಟ್ಟು ಮಾತಾಡುವವಳಲ್ಲ. ಒಂದು ಭಾನುವಾರ ಮಗಳ ಚೂಡಿದಾರ್ ಹಾಕಿಕೊಂಡು, ಕಟ್ಟೆಯ ಮೇಲಿಂದ ಹತ್ತಿ, ತಮ್ಮ ಹಿಂದಿನ ಸೀಟಿನಲ್ಲಿ ಗಂಡಸರ ಹಾಗೆ ಕೂತು ತುರುವೇಕೆರೆ ದಾಟಿ ಅಮ್ಮಸಂದ್ರದ ಸಿಮೆಂಟ್ ಫ್ಯಾಕ್ಟರಿವರೆಗೂ ಬಂದದ್ದು ತಮಗೆ ನೆನಪಿರಬಹುದು. ಒಳ್ಳೆ ರಸ್ತೆ ಸಿಕ್ಕಿದ ಕೂಡಲೇ ತಾವು ಎದ್ದು ಓಡಿದ ಓಟಕ್ಕೆ ಇವರ ಬೆನ್ನನ್ನು ಗಟ್ಟಿಯಾಗಿ ಹಿಡಿದುಕೊಂಡು ನಾನು ಜೋರಾಗಿ ನಕ್ಕೆ, ಇವರೂ ನಕ್ಕರು. ನಾವಿಬ್ಬರೂ ಹಾಗೆ ನಕ್ಕು ಎಷ್ಟು ವರ್ಷವಾಗಿತ್ತೋ ಶಿವನೇ ಬಲ್ಲ. ನನಗೆ ಬಹಳ ಖುಷಿಯಾಯಿತು ಎಂದು ಈ ಬಹಿರಂಗ ಪತ್ರದಲ್ಲಿಯೇ ಒಪ್ಪಿಕೊಳ್ಳುತ್ತೇನೆ. ತಾವು ಬೇಡ ಎಂದು ನಾನು ಯಾವತ್ತೂ ಹೇಳಲಿಲ್ಲ, ನನ್ನ ಎಕ್ಸೆಲ್ ಹೋಗಬಾರದು ಎಂದಷ್ಟೇ ಹೇಳಿದೆ. ಆದರೆ ಖುಷಿಯಾಯಿತು ಎಂದ ತಕ್ಷಣ ಇವರು ಅದನ್ನೇ ಒಪ್ಪಿಗೆ ಎಂದುಕೊಂಡು, ಬರುವ ವಾರ ಎರಡೂ ಗಾಡಿ ಕಳಿಸುತ್ತೇನೆ ಎಂದು ಮಹಾಂತೇಶಣ್ಣನಿಗೆ ಫೋನು ಮಾಡಿಯೇಬಿಟ್ಟರು. ಆ ದಿನವೆಲ್ಲ ನಾನು ಇವರ ಜೊತೆ ಮಾತಾಡಲಿಲ್ಲ, ಮಾತಾಡಲಿಲ್ಲ ಎನ್ನುವುದು ಇವರ ಗಮನಕ್ಕೂ ಬರಲಿಲ್ಲ.

ಅಷ್ಟರಲ್ಲಿ ತಾವೇ ಮಧ್ಯೆ ಬಂದಿರಿ. ಹಳೆಯ ಸ್ನೇಹಿತರಿಗೆ ತಮ್ಮನ್ನು ತೋರಿಸಿಬರುತ್ತೇನೆ ಎಂದು ಇವರು ಹುಳಿಯಾರಿಗೆ ಹೊರಟರು. ದಾರಿಯಲ್ಲಿ ತಮ್ಮ ಲೊಡಲೊಡ ಜೋರಾಯಿತಂತೆ. ಬೇರೆ ಯಾವ ಊರಿನವರಾಗಿದ್ದರೂ ಗಾಬರಿಯಾಗಿ ನಿಲ್ಲಿಸುತ್ತಿದ್ದರು, ಇವರು ಮಾತ್ರ ಬಿಸಿಲಿಗೆ ಇನ್ನೂ ಚೆನ್ನಾಗಿ ಒಣಗುತ್ತಿದೆ ಎಂದು ಸಂತೋಷಪಟ್ಟು ಮತ್ತಷ್ಟು ವೇಗವಾಗಿ ಹೋದರು. ಹುಳಿಯಾರು ಇನ್ನೂ ದೂರವಿರುವಾಗಲೇ ತಾವು ಕ್ಲಚ್ಚಿನೊಳಗೆ ಏನನ್ನೋ ಪುಡಿ ಮಾಡಿಕೊಂಡು ನಿಂತುಬಿಟ್ಟಿರಿ. ಮಹಾಂತೇಶಣ್ಣ ಲಗೇಜ್ ಆಟೊ ಕಳಿಸಿ ತಮ್ಮನ್ನು ಹೊತ್ತುಕೊಂಡು ಹೋದರು, ಡ್ರೈವರಿನ ಪಕ್ಕ ಆಗಲೇ ಇಬ್ಬರಿದ್ದುದರಿಂದ ಇವರಿಗೆ ಜಾಗವಾಗಲಿಲ್ಲ. ನನಗೆ ಫೋನು ಬಂತು. ಡೇರಿಗೆ ಹಾಲು ಹಾಕಿ, ಕ್ಯಾನು ತೊಳೆದು, ನನ್ನ ಎಕ್ಸೆಲ್ಲಿನಲ್ಲಿಯೇ ಹೋದೆ.

ಮರದ ನೆರಳಲ್ಲಿ ಆ ದೊಡ್ಡ ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದವರನ್ನು ನೋಡಿ ನಗು ಬಂತು, ಅಯ್ಯೋ ಎನ್ನಿಸಿತು ಕೂಡ. ಹ್ಯಾಂಡಲ್ ಹಿಡಿಯಲು ಬಂದರು, ನಾನು ಚೀಲ ಹೊಲಿದ ಹಿಂದಿನ ಸೀಟು ತೋರಿಸಿದೆ. ದಾರಿಯುದ್ದಕ್ಕೂ ಇವರು ಹಿಂದಿನಿಂದ ಬ್ರೇಕು, ಗುಂಡಿ, ಹಾರನ್ ಎಂದು ಹೇಳುತ್ತಲೇ ಬಂದರು. ಊರು ಹತ್ತಿರವಾಗುತ್ತಿದ್ದಂತೆ ಮಾತು ನಿಧಾನವಾಯಿತು, ಆಮೇಲೆ ಮೆಲ್ಲಗೆ, ಇಲ್ಲಿಂದ ನಾನು ಓಡಿಸುತ್ತೇನೆ, ಕಟ್ಟೆಯ ಮೇಲೆ ಎಲ್ಲರೂ ಕೂತಿರುತ್ತಾರೆ ಎಂದರು. ನಾನು ಗಾಡಿಯನ್ನು ಪಕ್ಕಕ್ಕೆ ಹಾಕಿ ಆಫ್ ಮಾಡಿದೆ. ಸಂಘದ ಮೀಟಿಂಗುಗಳಲ್ಲಿ ಗಂಟೆಗಟ್ಟಲೆ ಮಾತಾಡುವ ನನಗೆ ಅಷ್ಟು ದಿನ ಇವರಿಗೆ ಹೇಳಲಾಗದಿದ್ದ ಮಾತು ಆಗ ಬಂತು.

"ಇದ್ನೂ ಕೊಟ್ಬುಟ್ರೆ ನಾನು ಎಲ್ಲಿಗೆ ಹೋಗ್ಬೇಕಾದ್ರೂ ನಿಮ್ಮನ್ನ ಕೇಳ್ಬೇಕು ಕಣ್ರೀ. ನೀವು ಇಲ್ಲ ಅನ್ನಲ್ಲ, ನಂಗೊತ್ತು. ಆದ್ರೂ ನಂಗೆ ಕೇಳಾಕೆ ಇಷ್ಟ ಇಲ್ಲ."

ಇವರು ಹೆಲ್ಮೆಟ್ಟಿನ ಪಟ್ಟಿಯನ್ನು ತಿರುವುತ್ತಾ ಕೆಳಗಿಳಿದು ನಿಂತರು. ಅಷ್ಟು ಕಷ್ಟ ಆಗ್ತಿತ್ತಾ ಎಂದು ಕೇಳಿದರು. ಹೂಂ ಎಂದೆ. ಇವರು ಬಂದು ಹಿಂದೆಯೇ ಕೂತರು. ಕಟ್ಟೆಯ ಮೇಲಿದ್ದವರೆಲ್ಲ ನೋಡಿದರು, ಇವರೂ ಅವರಿಗೆ ಕೈ ಬೀಸಿ ನಮಸ್ಕಾರ ಹೇಳಿಕೊಂಡೇ ಬಂದರು. ಮಾರನೆಯ ದಿನ ತಿಪಟೂರಿಗೆ ಫೋನು ಮಾಡಿ, ಸ್ಪ್ಲೆಂಡರ್ ಒಂದೇ ಬರುತ್ತೆ ಭಾವ, ಇನ್ನೊಂದು ಸೌಮ್ಯಂದು, ಅದು ನಾನು ಕೊಡೋ ಗಾಡಿಯಲ್ಲ ಎಂದು ಹೇಳಿದ್ದು ಅಡುಗೆಮನೆಯವರೆಗೂ ಕೇಳಿಸಿತು. ಒಗ್ಗರಣೆ ಸೀದುಹೋಯಿತು, ಆ ದಿನ ಸಾರು ಹಾಗೆಯೇ ಉಂಡೆವು.

ತಾವು ಬೆಂಗಳೂರಿನಲ್ಲಿ ರಿಪೇರಿಯಾಗಿ, ಮೈ ತೊಳೆಸಿಕೊಂಡು ಮತ್ತೆ ನಮ್ಮ ಅಟ್ಟದ ಕೆಳಗೆ ಬಂದಿರುವುದಕ್ಕೆ ಹಾರ್ದಿಕ ಸ್ವಾಗತ. ಈಗ ತಮ್ಮ ಹೊಟ್ಟೆಯೊಳಗೆ ಸದ್ದೇ ಇಲ್ಲ. ಅದಕ್ಕೆ ಇವರಿಗೆ ಸಮಾಧಾನವಿಲ್ಲ, ಬೆಂಗಳೂರಿನವರು ಏನೋ ಮಾಡಿ ಹಸಿ ಇಂಜಿನ್ನು ಹಾಕಿ ಕಳಿಸಿದ್ದಾರೆ ಎಂದು ದಿನಾ ಕಿವಿ ಇಟ್ಟು ನೋಡುತ್ತಿದ್ದಾರೆ, ತಾವು ತಪ್ಪು ತಿಳಿಯಬಾರದು. ಇನ್ನು ಮೇಲೆ ಕರು ತನ್ನ ಹಳೆಯ ಜಾಗದಲ್ಲೇ ಇರುತ್ತದೆ, ತಾವು ಸ್ವಲ್ಪ ಒತ್ತಿಕೊಂಡು ನಿಲ್ಲಬೇಕು. ಭಾನುವಾರಗಳಂದು ಮಾತ್ರ ತಮ್ಮ ಸೇವೆ ಅಗತ್ಯವಿದ್ದು, ಚೂಡಿದಾರ್ ಒಂದನ್ನು ನನಗೇ ಹೊಲಿಸಿಕೊಂಡಿದ್ದೇನೆ. ಸಮುದ್ರದವರೆಗೂ ಹೋಗಿಬರುವ ಆಸೆಯಿದೆ.

ಇಂತಿ, ತಾವು ಸೀಟಿನ ಎತ್ತರ ಇಳಿಸಿಕೊಳ್ಳುವವರೆಗೂ ಕಟ್ಟೆಯ ಮೇಲಿಂದಲೇ ಹತ್ತಲಿರುವ
ತಮ್ಮ ವಿಶ್ವಾಸಿ,
ಸೌಮ್ಯ ಜ್ಞಾನೇಶ್
ಬಿಳಿಗೆರೆ

ವಿ.ಸೂ.: ತಮ್ಮ ಪೆಟ್ಟಿಗೆಗಳಲ್ಲಿ ಕೊಬ್ಬರಿಯ ಮೂಟೆ ಹಿಡಿಯದ ಕಾರಣ ಮತ್ತು ಸ್ಪ್ಲೆಂಡರ್ ಹೋಗಿರುವ ಕಾರಣ, ನಾಳೆ ತಿಪಟೂರಿನ ಮಾರುಕಟ್ಟೆಗೆ ಹೋಗಲು ಎಕ್ಸೆಲ್ ಕೊಡಲಾಗುತ್ತದೆಯೇ ಎಂದು ಇವರು ನನ್ನನ್ನು ಬಹಳ ವಿನಯದಿಂದ ಕೇಳಿಕೊಂಡಿದ್ದಾರೆ. ನಾಳೆ ನೋಡೋಣ ಎಂದು ಹೇಳಿದ್ದೇನೆ.