ಅಜ್ಜಿಯ ಮುಂದೆ ಓದುವಂಥ ಪ್ರೇಮಕತೆ

ಹೆಣ್ಣು ನೋಡಲು ಹೋಗುವ ಗಂಡು ಹೂವು ಒಯ್ಯುತ್ತಾನೆ, ಹಣ್ಣು ಒಯ್ಯುತ್ತಾನೆ, ಬೆಳಗಾವಿಯವನಾದರೆ ಒಂದು ಡಬ್ಬಿ ಕುಂದಾ ಒಯ್ಯುತ್ತಾನೆ. ಖಾನಾಪುರದ ಶಿವಲಿಂಗವ್ವನ ಮನೆಯಿಂದ ನಾಗಲಿಂಗನಿಗೆ ಬಂದ ಹೇಳಿಕೆ ಮಾತ್ರ ಬೇರೆಯೇ ಇತ್ತು.

“ಬರುವಾಗ ಒಂದು ಪ್ರೇಮ ಕಾದಂಬರಿ ತರಬೇಕಂತ ನೋಡು,” ಎಂದು ಪಕ್ಕದ ಮನೆಯ ಕಾಂತಾ ವೈನಿ ಕಂಪೌಂಡ್ ಗೋಡೆಯ ಮೇಲಿಂದ ಸುದ್ದಿ ಮುಟ್ಟಿಸಿದಳು. ರಾಮತೀರ್ಥ ನಗರದ ಆ ಓಣಿಯಲ್ಲಿ ಯಾವ ಸಂಬಂಧವೂ ಕಾಂತಾ ವೈನಿಯ ಗೋಡೆ ದಾಟದೆ ಕೂಡುತ್ತಿರಲಿಲ್ಲ. “ಪ್ರೇಮ ಇರಬೇಕಂತ, ಹೊಲಸು ಇರಬಾರದಂತ. ಅಜ್ಜಿ ಮುಂದ ಕುಂತು ದನಿ ತಗದು ಓದುವಂಥಾದ್ದು ಬೇಕಂತ. ಆ ಅಜ್ಜೀಗಿ ಕಣ್ಣು ಮಂಜು ಆಗ್ಯಾವ, ಕಿವಿ ಮಾತ್ರ ಅಗದೀ ಚುರುಕು.”

“ಕಾದಂಬರಿ ಯಾಕಂತ ವೈನಿ?”

“ಗಂಡಸು ಏನ ಓದತಾನ ಅನ್ನೂದ ಕೇಳಿದ್ರ ಅವನ ಗುಣಾ ಗೊತ್ತಾಗತೈತಂತ. ನೀ ಏನ ಓದತೀಯೋ ತಮ್ಮಾ?”

ನಾಗಲಿಂಗ ಏನನ್ನೂ ಓದುತ್ತಿರಲಿಲ್ಲ. ಅವನು ಕಚೇರಿಯಲ್ಲಿ ಟೈಪಿಸ್ಟ್. ಬೇರೆಯವರು ಬರೆದದ್ದನ್ನು ವರ್ಷಗಟ್ಟಲೆ ಕುಟ್ಟಿ ಕುಟ್ಟಿ, ಅಕ್ಷರ ಕಂಡರೆ ಬೆರಳು ಕುಣಿಯುತ್ತಿದ್ದವೇ ಹೊರತು ಅದರ ಅರ್ಥ ತಲೆಗೆ ಹತ್ತುತ್ತಿರಲಿಲ್ಲ. ಆದರೆ ಈ ಸಂಬಂಧ ಅವನಿಗೆ ಬೇಕಾಗಿತ್ತು. ಕಾಂತಾ ವೈನಿಯ ಮಗಳ ಕುಬುಸದ ಕಾರ್ಯದಲ್ಲಿ ಅವನು ಗಡಿಬಿಡಿಯಿಂದ ಒಂದು ಕುರ್ಚಿಗೆ ಢಿಕ್ಕಿ ಹೊಡೆದು, ಆ ಕುರ್ಚಿಗೇ “ತಪ್ಪಾತ್ರಿ” ಅಂದಿದ್ದ. ಅದನ್ನು ಕಂಡು ಒಬ್ಬಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಿದ್ದಳು. ಅವಳೇ ಶಿವಲಿಂಗವ್ವನ ಮೊಮ್ಮಗಳು ಪ್ರಮಿಳಾ, ಖಾನಾಪುರದಲ್ಲಿ ಸಣ್ಣ ಮಕ್ಕಳಿಗೆ ಪಾಠ ಹೇಳುವ ಟೀಚರು. ಆ ನಗು ಅವನ ತಲೆಯಲ್ಲಿ ಇನ್ನೂ ಕೂಸಿನ ಕೈಯ ಗಿಲಕಿಯ ಹಾಗೆ ಆಡುತ್ತಿತ್ತು.

ರವಿವಾರ ಬೆಳಗಾಗುತ್ತಲೇ ಅವನು ಬಸ್‌ಸ್ಟ್ಯಾಂಡಿನ ಪುಸ್ತಕದಂಗಡಿಯ ಮುಂದೆ ನಿಂತ. ಸಾಲಾಗಿ ತೂಗುಹಾಕಿದ ಕಾದಂಬರಿಗಳ ಮೇಲೆಲ್ಲ ಗಾಳಿಗೆ ಸೀರೆ ಹಾರಿಹೋಗುತ್ತಿದ್ದ ಹೆಂಗಸರು. ಬೆಳಗಾವಿಯಲ್ಲಿ ಗಾಳಿ ಜೋರು ಹೌದು, ಇಷ್ಟು ಜೋರಲ್ಲ. ಒಂದನ್ನು ನಡುವೆ ತೆರೆದು ಎರಡು ಸಾಲು ಓದಿದ, ಚೇಳು ಕಂಡವನಂತೆ ಮುಚ್ಚಿದ. ಇನ್ನೊಂದನ್ನು ತೆರೆದ, ಅದರಲ್ಲಿ ಎರಡು ಚೇಳು.

“ಇದಕ್ಕಿಂತ ಸಭ್ಯ ಯಾವುದರ ಐತೇನ್ರಿ?”

ಅಂಗಡಿಯವನು ಯೋಚಿಸಿ ಒಂದು ದಪ್ಪ ಪುಸ್ತಕ ಕೊಟ್ಟ. ನಾಗಲಿಂಗ ಹಾಳೆ ತಿರುವಿದ. ಅದು ಬಹಳ ಸಭ್ಯವಾಗಿತ್ತು. ಎಮ್ಮೆ ಸಾಕುವ ವಿಧಾನವನ್ನು ಅದರಲ್ಲಿ ಚಿತ್ರಸಹಿತ ವಿವರಿಸಿದ್ದರು.

“ಇದರಾಗ ಪ್ರೇಮ ಇಲ್ಲಲ್ರಿ.”

“ಸಾಹೇಬ್ರ, ಎರಡೂ ಒಂದರಾಗ ಬೇಕಂದ್ರ ಶಹಾಪುರದ ಹುಸೇನಪೀರನ ಕಡೆ ಹೋಗ್ರಿ. ಅಂಥಾ ಮಾಲು ಅವನೊಬ್ಬನ ಕಡೇನ ಸಿಗೂದು.”

ಹುಸೇನಪೀರನದು ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿ. ಎರಡೂ ಬದಿಗೆ ಮಗ್ಗಗಳು ಖಟಪಟ ಎನ್ನುವ ಓಣಿಯಲ್ಲಿ, ಬಾಗಿಲು ತೆಗೆದ ಕಪಾಟಿನಷ್ಟೇ ಅಗಲ. ಆದರೆ ಒಳಗಿನ ಶಿಸ್ತು ನೋಡಿದರೆ ಕೈ ಮುಗಿಯಬೇಕು. ಒಂದೊಂದು ಪುಸ್ತಕಕ್ಕೂ ಖಾಕಿ ಕಾಗದದ ಹೊದಿಕೆ, ಬೆನ್ನಿಗೆ ದಾರದ ಹೊಲಿಗೆ, ಒಂದರ ಕಿವಿಯೂ ಮಡಚಿದ್ದಿಲ್ಲ. ಹುಸೇನಪೀರನ ಹೆಂಡತಿ ನಸೀಬಾ ಪ್ರತಿಯೊಂದನ್ನೂ ಮೊದಲು ತಾನು ಓದುತ್ತಿದ್ದಳು. ಅತ್ತೆಯ ಮುಂದೆ ಕೂತು, ಬೆಳ್ಳುಳ್ಳಿ ಬಿಡಿಸುತ್ತ, ದನಿ ತೆಗೆದು ಓದುವುದು ಅವಳ ರೀತಿ. ಎಲ್ಲೂ ದನಿ ತಗ್ಗಿಸದೆ ಓದಿ ಮುಗಿದರೆ ಪುಸ್ತಕ ಮುಂದಿನ ಸಾಲಿಗೆ. ದನಿ ತಗ್ಗಿತೋ, ರದ್ದಿಗೆ.

“ಅತ್ತಿ ಮುಂದ ಪಾಸಾದದ್ದು ಯಾರ ಅಜ್ಜಿ ಮುಂದೂ ಪಾಸ್,” ಎಂದು ನಸೀಬಾ ಒಂದು ತೆಳ್ಳಗಿನ ಕಾದಂಬರಿ ತೆಗೆದುಕೊಟ್ಟಳು. “ಇದನ್ನ ಓದುವಾಗ ನಮ್ಮತ್ತಿ ನಮಾಜಿನ ಹೊತ್ತು ಮರತಿದ್ರು.”

“ಯಾವೂರಿಗೆ ಒಯ್ಯಾವ್ರು?” ಹುಸೇನಪೀರ ಕೇಳಿದ.

“ಖಾನಾಪುರಕ್ಕ.”

ಹುಸೇನಪೀರನ ಮುಖ ಹುಳಿ ತಿಂದಂತಾಯಿತು. “ಖಾನಾಪುರ ಅಂದ್ರ ನನ್ನ ಎದಿ ಧಸಕ್ ಅಂತೈತ್ರಿ. ಆ ಊರಿಗೆ ಹೋದ ಪುಸ್ತಕ ಒಂದರ ತಿರುಗಿ ಬಂದಿಲ್ಲ. ಇರ್ಲಿ, ನಮ್ಮ ಅಂಗಡೀದು ಒಂದು ಪದ್ಧತಿ ಐತಿ, ಕೇಳಿಕೊಂಡು ಹೋಗ್ರಿ…”

“ಬಸ್ಸು ಬಿಡತೈತೋ, ನಡಿಯೋ ಮಾರಾಯಾ!” ಅವನ ಜೊತೆ ಖಾನಾಪುರಕ್ಕೆ ಹೊರಟು ಹೊರಗೆ ರಿಕ್ಷಾದಲ್ಲಿ ಕೂತಿದ್ದ ಕಾಂತಾ ವೈನಿ ಕೂಗಿದಳು. ಪದ್ಧತಿಯನ್ನು ಹುಸೇನಪೀರನ ಬಾಯಲ್ಲೇ ಬಿಟ್ಟು ನಾಗಲಿಂಗ ಓಡಿದ.

ಖಾನಾಪುರದ ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ನಡುವೆ ಶಿವಲಿಂಗವ್ವ ಜಡ್ಜ್ ಸಾಹೇಬರ ಹಾಗೆ ಗೋಡೆಗೆ ಒರಗಿ ಕೂತಿದ್ದಳು. ಬಾಜು ಮನೆಯ ಬಾಳವ್ವ ಸಕ್ಕರೆ ಕೇಳಲು ಬಂದವಳು, ಖಾಲಿ ವಾಟಗ ಹಿಡಿದುಕೊಂಡೇ ಕೂತುಬಿಟ್ಟಿದ್ದಳು. ಅವಳ ಹಿಂದೆ ಓಣಿಯ ಅರ್ಧ ಹೆಂಗಸರು. ಪ್ರಮಿಳಾ ಚಹಾ ತಂದಿಟ್ಟು ಬಾಗಿಲ ಪಕ್ಕದಲ್ಲಿ ನಿಂತಳು. ನಾಗಲಿಂಗ ಕಪ್ಪು ಎತ್ತುವ ಬದಲು ಬಶಿ ಒಂದನ್ನೇ ಎತ್ತಿದ.

“ಚಾ ಆಮ್ಯಾಲ ಕುಡೀವಂತಿ. ಓದು ತಮ್ಮಾ,” ಅಂದಳು ಶಿವಲಿಂಗವ್ವ.

ಅವನು ಓದಲು ಶುರುಮಾಡಿದ್ದು ತಹಶೀಲ್ದಾರರ ಸುತ್ತೋಲೆ ಓದಿದ ಹಾಗಿತ್ತು. “ವಸುಧಾ ಕಿಟಕಿಯ ಬಳಿ ನಿಂತಿದ್ದಳು ಪೂರ್ಣವಿರಾಮ,” ಎಂದೂ ಅಂದುಬಿಟ್ಟ. ಬಾಗಿಲ ಬದಿಯಲ್ಲಿ ಗಿಲಕಿ ಆಡಿದಂತೆ ನಗು ಕೇಳಿಸಿತು. ಅದರಿಂದಲೋ, ಕತೆಯ ಗುಣದಿಂದಲೋ, ಎರಡನೆಯ ಅಧ್ಯಾಯಕ್ಕೆ ಬರುವಷ್ಟರಲ್ಲಿ ಅವನ ಬೆರಳು ಕುಣಿಯುವುದನ್ನು ಬಿಟ್ಟವು, ಎದೆ ಕುಣಿಯತೊಡಗಿತು. ಅಂಥ ಕತೆ ಅದು. ವಸುಧಾ ಅಂಚೆಮನೆಯ ಹುಡುಗಿ, ಶ್ರೀಧರ ಸಾಲಿಯ ಮಾಸ್ತರ. ಮಳೆಯಲ್ಲಿ ಅವನ ಕೊಡೆ ಅವಳ ಕಡೆ ಉಳಿಯುತ್ತದೆ. ಕೊಡೆ ತಿರುಗಿ ಕೊಡಬೇಕೆಂದು ಅವಳು, ಕೇಳಬಾರದೆಂದು ಅವನು. ಇಷ್ಟರ ಮೇಲೆ ಇಡೀ ಕತೆ ಗೋಪುರದಂತೆ ನಿಂತಿತ್ತು.

“ಮಳೆಯಲ್ಲಿ ಕೊಡೆ ಕೊಡುವಾಗ ಅವನ ಬೆರಳು ಅವಳ ಬೆರಳಿಗೆ ತಾಗಿತು…” ಎಂದು ಓದಿದವನೇ ನಾಗಲಿಂಗ ಗಕ್ಕನೆ ನಿಂತ. ಎಲ್ಲರೂ ಶಿವಲಿಂಗವ್ವನ ಮುಖ ನೋಡಿದರು.

ಮುದುಕಿ ತನ್ನ ಎರಡು ಬೆರಳು ಒಂದಕ್ಕೊಂದು ತಾಗಿಸಿ ನೋಡಿಕೊಂಡಳು. “ಕೊಡೀ ಕೊಡಬೇಕಂದ್ರ ಬಟ್ಟು ತಾಗೇ ತಾಗತೈತಿ. ಅದರಾಗ ಹೊಲಸು ಏನಿಲ್ಲ. ಮುಂದ ಓದು.”

ಊಟದ ಹೊತ್ತು ಬಂತು. ಯಾರೂ ಏಳಲಿಲ್ಲ. ಒಳಗೆ ಹೋಳಿಗೆ ಆರುತ್ತಿತ್ತು, ಕಾಂತಾ ವೈನಿ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಶ್ರೀಧರನಿಗೆ ದೂರದ ಊರಿಗೆ ವರ್ಗ ಆಯಿತು. ಸ್ಟೇಷನ್ನಿನಲ್ಲಿ ಗಾಡಿ ಸೀಟಿ ಹಾಕಿತು. “ವಸುಧಾ, ಈಗಾದರೂ ಹೇಳು, ನನ್ನ ಜೊತೆ ಬರುತ್ತೀಯಾ?” ವಸುಧಾ ತಲೆಯೆತ್ತಿದಳು. ತುಟಿ ತೆರೆದಳು. ನಾಗಲಿಂಗ ಹಾಳೆ ತಿರುವಿದ.

ಮುಂದೆ ಹಾಳೆಯೇ ಇರಲಿಲ್ಲ. ಖಾಕಿ ರಟ್ಟು ಅವನನ್ನೇ ದಿಟ್ಟಿಸುತ್ತಿತ್ತು.

“ಏನಂದ್ಳು?” ಬಾಳವ್ವ ವಾಟಗ ಎದೆಗೆ ಅವಚಿಕೊಂಡು ಕೇಳಿದಳು.

“ಹಾಳಿ… ಹಾಳಿ ಇಲ್ರಿ.”

ಶಿವಲಿಂಗವ್ವ ಕೈ ಚಾಚಿ ಪುಸ್ತಕ ತೆಗೆದುಕೊಂಡು ಬೆನ್ನಿನ ಹೊಲಿಗೆಯ ಮೇಲೆ ಬೆರಳಾಡಿಸಿದಳು. “ಇಲ್ಲೆ ಕೊಯ್ದಾರ. ಹರಿದದ್ದಲ್ಲ ಇದು, ಬ್ಲೇಡಿನ ಕೆಲಸ.” ಅವಳ ದನಿ ಇಳಿಯಿತು. “ತಮ್ಮಾ, ಕಡೀಕ ಹೊಲಸು ಇತ್ತು. ಅದಕ್ಕ ಕೊಯ್ದು ತಂದೀ. ಹೌದಲ್ಲೋ?”

“ಯವ್ವಾ, ದೇವರಾಣಿ ಇಲ್ಲ!”

“ಗಾಡಿ ಡಬ್ಬಿ ಒಳಗ ಏನರ ಆಗಿರಬೇಕು,” ಎಂದು ಬಾಳವ್ವ ಗಲ್ಲಕ್ಕೆ ಕೈಯಿಟ್ಟಳು. “ಮ್ಯಾಲ ನೋಡಿದ್ರ ಎಷ್ಟು ಸಂಭಾವಿತ ಕಾಣತಾನ!”

ನಾಗಲಿಂಗ ಬಾಗಿಲ ಕಡೆ ನೋಡಿದ. ಪ್ರಮಿಳಾ ನಗುತ್ತಿರಲಿಲ್ಲ. “ಇವರೂ ಹಂಗ ಏನ?” ಅಂದಷ್ಟೇ ಅವಳ ಮಾತು ಅವನ ಕಿವಿಗೆ ಬಿತ್ತು. ಅವನಿಗೆ ಎಲ್ಲಿಲ್ಲದ ಸಿಟ್ಟು ಬಂತು, ತನ್ನ ಮಾನಕ್ಕಿಂತ ಹೆಚ್ಚಾಗಿ ವಸುಧಾಳ ಮಾನಕ್ಕಾಗಿ.

“ವಸುಧಾ ಅಂಥಾಕಿ ಅಲ್ರಿ! ನಾ ಈಗಿಂದೀಗ ಬೆಳಗಾವಿಗೆ ಹೋಗಿ ಕಡೀ ಪಾಠ ತರತೀನಿ.”

“ತಾ. ಅಲ್ಲೀ ಮಟಾ ಪುಸ್ತಕ ನನ್ನ ಕಡೆ ಇರ್ಲಿ,” ಎಂದು ಮುದುಕಿ ಅದನ್ನು ತೊಡೆಯ ಕೆಳಗೆ ಇಟ್ಟುಕೊಂಡಳು. ಕಾಂತಾ ವೈನಿ ಹೋಳಿಗೆಯ ಮೇಲಿನ ಆಸೆಗೆ ಅಲ್ಲೇ ಉಳಿದಳು. ನಾಗಲಿಂಗ ಉಪವಾಸ ಬಸ್ಸು ಹತ್ತಿದ.

ಶಹಾಪುರದಲ್ಲಿ ಹುಸೇನಪೀರ ತಣ್ಣಗೆ ನಕ್ಕ. “ಅದನ್ನ ಹೇಳಾಕ ಹೊಂಟಿದ್ದೆ, ನೀವು ನಿಲ್ಲಲಿಲ್ಲ. ಮಂದಿ ಪುಸ್ತಕ ಒಯ್ದು ತಿರುಗಿ ಕೊಡೂದಿಲ್ರಿ. ಅದಕ್ಕ ಕಡೀ ಪಾಠ ಕೊಯ್ದು ಈ ಟ್ರಂಕಿನ್ಯಾಗ ಇಡತೀನಿ. ಪುಸ್ತಕ ತಂದುಕೊಟ್ಟಾವ್ರು ಈ ಸ್ಟೂಲಿನ ಮ್ಯಾಲ ಕುಂತು ಕಡೀ ಓದಿ ಹೋಗತಾರ. ಶಹಾಪುರದಾಗ ಒಂದು ಪುಸ್ತಕ ಕಳದಿಲ್ಲ.”

ಅವಮಾನದ ನಡುವೆಯೂ ನಾಗಲಿಂಗನಿಗೆ ಆ ಉಪಾಯ ಕಂಡು ತಲೆದೂಗಬೇಕೆನಿಸಿತು. “ಹಂಗಾರ ಆ ಪಾಠ ಕೊಡ್ರಿ.”

“ಪುಸ್ತಕ ಎಲ್ಲಿ?”

“ಅದು ಅಜ್ಜಿ ತೊಡಿ ಕೆಳಗ ಐತಿ. ಪಾಠ ಒಯ್ದ್ರ ಪುಸ್ತಕ ಬಿಡತಾರ.”

“ಪುಸ್ತಕ ತಂದ್ರ ಪಾಠ ಬಿಡತೀನಿ,” ಎಂದು ಹುಸೇನಪೀರ ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. ನಾಗಲಿಂಗ ಬೇಡಿಕೊಂಡ, ಕೈ ಮುಗಿದ, ಕಡೆಗೆ ಸ್ಟೂಲಿನ ಮೇಲೆ ಕುಸಿದು ಕೂತ. ಹುಸೇನಪೀರ ಕರಗಲಿಲ್ಲ. ನಮಾಜಿನ ಹೊತ್ತಾಯಿತೆಂದು ಟೋಪಿ ಹಾಕಿಕೊಂಡು ಹೊರಟ.

ಬೆಳ್ಳುಳ್ಳಿ ಬಿಡಿಸುತ್ತಿದ್ದ ನಸೀಬಾ ತಲೆ ಎತ್ತಿದಳು. “ಅಣ್ಣಾ, ಪಾಠ ಅಂಗಡಿ ಹೊರಗ ಹೋಗಬಾರದು ಅಂತ ಪದ್ಧತಿ. ಬಾಯಿಲೆ ಹೇಳಬಾರದು ಅಂತ ಎಲ್ಲೂ ಇಲ್ಲ. ಕೇಳಿಕೋ.”

ಅವಳು ಹೇಳತೊಡಗಿದಳು. ಟ್ರಂಕಿಗೆ ಬೀಗವಿತ್ತು, ಅವಳ ನೆನಪಿಗೆ ಇರಲಿಲ್ಲ. ವಸುಧಾಳ ದನಿಗೆ ಒಂದು ದನಿ, ಶ್ರೀಧರನಿಗೆ ಇನ್ನೊಂದು, ಗಾಡಿಯ ಸೀಟಿಗೆ ಮತ್ತೊಂದು. ಅವಳು ಹೇಳುತ್ತಿದ್ದರೆ ಪಕ್ಕದ ಮಗ್ಗವೂ ಸದ್ದು ನಿಲ್ಲಿಸಿತು. ಕತೆ ಮುಗಿದಾಗ ನಾಗಲಿಂಗ ಕಣ್ಣು ಒರೆಸಿಕೊಂಡ. ಅದು ಬೆಳ್ಳುಳ್ಳಿಯಿಂದಲ್ಲ.

ಬಸ್ಸಿನಲ್ಲಿ ಅವನು ಆ ಮಾತುಗಳನ್ನು ತುಂಬಿದ ಕೊಡದ ಹಾಗೆ ತುಳುಕದಂತೆ ಒಯ್ಯುತ್ತಿದ್ದ. ತುಟಿ ಅಲ್ಲಾಡುತ್ತಲೇ ಇತ್ತು. “ನೀವು ಕೇಳುವುದು ಇಷ್ಟು ತಡ ಆಯ್ತಲ್ಲ… ನೀವು ಕೇಳುವುದು ಇಷ್ಟು ತಡ ಆಯ್ತಲ್ಲ…”

“ಟಿಕೀಟ ಕೇಳೂದು ತಡ ಆತಂತ ನನಗ ಬೈಯಾಕತ್ತಾನ,” ಎಂದು ಕಂಡಕ್ಟರ್ ಡ್ರೈವರನಿಗೆ ದೂರು ಹೇಳಿದ. ಕತೆ ಹೇಳಿಯೇ ಸಮಾಧಾನಪಡಿಸಬೇಕಾಯಿತು. ಕೇಳಿದ ಕಂಡಕ್ಟರ್ ಎರಡು ಸ್ಟಾಪುಗಳಲ್ಲಿ ಸೀಟಿ ಊದುವುದನ್ನೇ ಮರೆತ.

ಸಂಜೆಬಿಸಿಲಿನಲ್ಲಿ ಬೆವರಿಳಿಸುತ್ತ ನಾಗಲಿಂಗ ಬಾಗಿಲಲ್ಲಿ ಕಾಣಿಸಿಕೊಂಡಾಗ ಪಡಸಾಲೆ ತುಂಬಿಯೇ ಇತ್ತು. ಬಾಳವ್ವನ ವಾಟಗ ಇನ್ನೂ ಖಾಲಿಯೇ ಇತ್ತು.

“ಬಂದ್ಯಾ!” ಶಿವಲಿಂಗವ್ವ ನೆಟ್ಟಗೆ ಕೂತಳು. ಆ ದನಿಯಲ್ಲಿದ್ದ ಬೆರಗು ನಾಗಲಿಂಗನಿಗೆ ಅರ್ಥವಾಗಲಿಲ್ಲ.

ಅವನು ಹುಸೇನಪೀರನ ಪದ್ಧತಿ ವಿವರಿಸಿದ. ಆಮೇಲೆ ಕಣ್ಣು ಮುಚ್ಚಿ ಕತೆ ಹೇಳಿದ. ವಸುಧಾ ಗಾಡಿ ಹತ್ತುವುದಿಲ್ಲ. “ನೀವು ಕೇಳುವುದು ಇಷ್ಟು ತಡ ಆಯ್ತಲ್ಲ, ನನ್ನ ತಂದೆಯನ್ನು ಕೇಳುವುದು ತಡ ಮಾಡಬೇಡಿ,” ಎಂದು ಅವನದೇ ಹಳೆಯ ಕೊಡೆಯನ್ನು ಅವನ ಕೈಗಿಟ್ಟು, “ಇದು ಈಗ ನನ್ನದು, ತಿರುಗಿ ಕೊಡಲಿಕ್ಕಾದರೂ ಮತ್ತೆ ಬನ್ನಿ,” ಅನ್ನುತ್ತಾಳೆ. ಗಾಡಿ ಹೊರಡುತ್ತದೆ. ಶ್ರೀಧರ ಕಿಟಕಿಯಿಂದ ನೋಡುತ್ತಾನೆ. ಮಳೆ ಇಲ್ಲ, ಆದರೂ ಅವನು ಡಬ್ಬಿಯೊಳಗೇ ಕೊಡೆ ಬಿಚ್ಚುತ್ತಾನೆ.

ಶಿವಲಿಂಗವ್ವ ಮೂಗು ಒರೆಸಿಕೊಂಡಳು. “ಎಂಥಾ ಮಾತು! ಗಾಡಿ ಡಬ್ಬಿ ಒಳಗ ಕೊಡೀ ಬಿಚ್ಚತಾನ ಹುಚ್ಚಪ್ಪ. ಹೊಲಸು ಅಂದೆ, ತಪ್ಪಾತು ತಮ್ಮಾ. ಹುಡುಗ ಪಾಸ್!”

ಕಾಂತಾ ವೈನಿ ಹೋಳಿಗೆಯ ಕೈಯಿಂದಲೇ ಚಪ್ಪಾಳೆ ತಟ್ಟಿದಳು. ಬಾಗಿಲ ಬದಿಯಲ್ಲಿ ಗಿಲಕಿ ಆಡಿತು. ನಾಗಲಿಂಗನಿಗೆ ತಾನೂ ಒಂದು ಕೊಡೆ ಬಿಚ್ಚಬೇಕೆನಿಸಿತು.

“ಹಂಗಾರ ತಾರೀಖು…” ಎಂದು ತೊದಲಿದ.

“ತಾರೀಖಿಗಿ ಏನ ಅವಸರ? ಪಮ್ಮೀ, ಕಪಾಟ ತಗದು ತೋರಸು.”

ಪ್ರಮಿಳಾ ಗೋಡೆಯ ಕಪಾಟು ತೆರೆದಳು. ಒಳಗೆ ಒಂದು ಸಾಲು ಪುಸ್ತಕ. ಎಲ್ಲವಕ್ಕೂ ಖಾಕಿ ಹೊದಿಕೆ. ಎಲ್ಲದರ ಬೆನ್ನಿಗೂ ಹುಸೇನಪೀರನ ಅಂಗಡಿಯದೇ ದಾರದ ಹೊಲಿಗೆ.

“ನನ್ನ ನೋಡಾಕ ಬಂದಾವ್ರು ಒಬ್ಬೊಬ್ರು ಒಂದೊಂದು ತಂದ್ರು,” ಅಂದಳು ಅವಳು. “ಎಲ್ಲಾದರಾಗೂ ಕಡೀ ಪಾಠ ಇಲ್ಲ. ತರತೀವಿ ಅಂತ ಹೋದಾವ್ರು ಒಬ್ರೂ ತಿರುಗಿ ಬರಲಿಲ್ಲ. ನೀವೊಬ್ರ ಬಂದ್ರಿ.”

“ಅದಕ್ಕ ನೀನ ಈ ಮನಿ ಅಳಿಯಾ,” ಶಿವಲಿಂಗವ್ವ ತೀರ್ಪು ಕೊಟ್ಟಳು. “ಆದ್ರ ಪಮ್ಮಿ ಲಗ್ನಾಗಿ ಬೆಳಗಾವಿಗಿ ಹೋದಮ್ಯಾಲ ನನಗ ಯಾರು ಓದಿ ಹೇಳಾವ್ರು? ಮೊದಲ ಇವೆಲ್ಲಾವಕ್ಕೂ ಕಡೀ ತಾ. ಆಮ್ಯಾಲ ಅಕ್ಷತಾ.”

“ಪುಸ್ತಕ ಕೊಟ್ರ ಹುಸೇನಪೀರ…”

“ಪುಸ್ತಕ ಮನಿ ಬಿಟ್ಟು ಹೊರಗ ಹೋಗೂದಿಲ್ಲ. ಹೋದದ್ದು ತಿರುಗಿ ಬರತೈತಂತ ಏನ ಖಾತ್ರಿ? ಇದು ನಮ್ಮ ಮನಿ ಪದ್ಧತಿ.”

ಒಂದು ಕಡೆ ಹುಸೇನಪೀರನ ಟ್ರಂಕು, ಇನ್ನೊಂದು ಕಡೆ ಶಿವಲಿಂಗವ್ವನ ಕಪಾಟು, ನಡುವೆ ಖಾನಾಪುರದ ಬಸ್ಸು. ತನ್ನ ಬಾಳು ಈ ಮೂರರಲ್ಲೇ ಕಳೆಯುವುದು ನಾಗಲಿಂಗನ ಕಣ್ಣಿಗೆ ಕಟ್ಟಿತು. ಅವನು ಬೇಡವೆನ್ನಲು ಬಾಯಿ ತೆರೆದ. ಅಷ್ಟರಲ್ಲಿ ಪ್ರಮಿಳಾ ಸಾಲಿನ ಮೊದಲ ಪುಸ್ತಕ ತೆಗೆದು ಅವನ ಕೈಗಿಟ್ಟಳು. ಬೆರಳು ಬೆರಳಿಗೆ ತಾಗಿತು. ಪುಸ್ತಕ ಕೊಡಬೇಕೆಂದರೆ ತಾಗಲೇಬೇಕಲ್ಲ.

“ಇದರಿಂದ ಶುರು ಮಾಡ್ರಿ,” ಎಂದಳು ಮೆಲ್ಲಗೆ. “ಇದರಾಗಿನ ಹುಡುಗಿ ಬಾವಿ ಕಟ್ಟೀ ಮ್ಯಾಲ ಒಂದು ಕಾಲ ಇಟ್ಟು ನಿಂತಾಳ. ಹ್ವಾದ ಯುಗಾದಿಯಿಂದ ಹಂಗ ನಿಂತಾಳ, ಪಾಪ.”

“ಯಾಕ್ರಿ? ಏನಾತ್ರಿ ಅಕೀಗೆ?” ಎಂದು ಗಾಬರಿಯಿಂದ ಕೇಳುತ್ತ, ನಾಗಲಿಂಗ ಮೊದಲ ಹಾಳೆ ತಿರುವಿ ಜಮಖಾನೆಯ ಮೇಲೆ ಕೂತ. ಬಾಳವ್ವ ವಾಟಗ ಸರಿಯಾಗಿ ಹಿಡಿದುಕೊಂಡು ಮುಂದೆ ಸರಿದಳು. ದೂರದಲ್ಲಿ ಬೆಳಗಾವಿಯ ಬಸ್ಸು ಹಾರ್ನ್ ಹೊಡೆದು ಹೊರಟುಹೋಯಿತು.