ನಾಲ್ಕು ಪಿಕಪ್‌ಗಳ ಬ್ಯಾಟರಿ ಸ್ಥಳಾಂತರದ ಕುರಿತು

ಇಂಜಿನ್ನಿನ ಪಕ್ಕದಲ್ಲಿ ಕೂತ ಬ್ಯಾಟರಿ ಬೇಗ ಸಾಯುತ್ತದೆ. ಇದು ವಿಜ್ಞಾನ, ಇದರಲ್ಲಿ ಯಾರ ತಪ್ಪೂ ಇಲ್ಲ.

ಬೀದಿದೀಪ ಕಚೇರಿಯ ನಾಲ್ಕು ಪಿಕಪ್‌ಗಳ ಬ್ಯಾಟರಿಗಳು ಹೀಗೆ ಬೆಂದು ಸಾಯುತ್ತಿರುವುದನ್ನು ಪತ್ತೆ ಹಚ್ಚಿದವನು ತಾತ್ಕಾಲಿಕ ತಾಂತ್ರಿಕ ಸಹಾಯಕ. ಭೌತಶಾಸ್ತ್ರದ ಪದವೀಧರ, ಅಕ್ಕನ ಮನೆಯ ನಡುಮನೆಯಲ್ಲಿ ಮಲಗುವವ. ಕೆಲಸ ಕಾಯಂ ಆಗಬೇಕಾದರೆ ಅವನ ಹೆಸರಿನಲ್ಲಿ ಒಂದು ಸುಧಾರಣೆ ಜಾರಿಯಲ್ಲಿರಬೇಕೆಂಬ ನಿಯಮವಿತ್ತು. ಕಾಯಂ ಆದರೆ ಬೇರೆ ಮನೆ ಮಾಡಬಹುದೆಂಬುದು ಅವನ ಆಸೆ. ಅವನಿಗಿಂತ ಹೆಚ್ಚಾಗಿ ಭಾವನ ಆಸೆ.

"ಟಿವಿ ಹತ್ರ ಹೋಗೋಕೆ ನಿನ್ನ ಹಾಸಿಗೆ ಹತ್ತಿ ಇಳೀಬೇಕಲ್ಲಪ್ಪಾ," ಎಂದು ಭಾವ ಆಗಾಗ ಪ್ರೀತಿಯಿಂದ ವಿಚಾರಿಸುತ್ತಿದ್ದರು.

ಸಹಾಯಕ ಬ್ಯಾಟರಿಗಳನ್ನು ಬಾನೆಟ್ಟಿನೊಳಗಿಂದ ತೆಗೆಸಿ, ಹಿಂದೆ ಸಾಮಾನು ಹೇರುವ ತೊಟ್ಟಿಯಲ್ಲಿ ಕೂರಿಸಿದ. ತಂತಿಯ ದಪ್ಪ, ಫ್ಯೂಸು, ಬೋಲ್ಟಿನ ಬಿಗಿ, ಎಲ್ಲಕ್ಕೂ ಲೆಕ್ಕವಿತ್ತು. ಮನುಷ್ಯರಿಗೆ ಮಾತ್ರ ಇರಲಿಲ್ಲ; ಅವರು ಪಠ್ಯದಲ್ಲಿರಲಿಲ್ಲ.

ಕಾಯಂ ಮಾಡುವ ಮೊದಲು ಪರಿಶೀಲನೆಗೆ ಲೆಕ್ಕ ಪರಿಶೋಧಕರು ಬಂದರು. ತೊಟ್ಟಿಯೊಳಗೆ ಇಣುಕಿದರು.

"ಇದು ಯಾರ ಬ್ಯಾಟರಿ?"

"ಈ ಗಾಡಿದೇ, ಸರ್."

"ಈ ಗಾಡಿಯಲ್ಲೇ ಓಡಾಡುತ್ತಾ?"

"ಹೌದು ಸರ್."

"ಅಂದ್ರೆ ತನ್ನ ಸ್ವಂತ ಓಡಾಟಕ್ಕೆ ಕಚೇರಿ ವಾಹನ ಬಳಸ್ತಾ ಇದೆ."

ಸಹಾಯಕ ಬಾನೆಟ್ಟಿನ ಕಡೆ ಕೈ ತೋರಿಸಿ, "ಮೊದಲೂ ಓಡಾಡ್ತಿತ್ತಲ್ಲ ಸರ್," ಎಂದ.

"ಆಗ ಅದು ಅಂಗ. ಈಗ ತೊಟ್ಟಿಗೆ ಬಂದಿದೆ, ಸರಕು. ಸರಕು ಸಾಗಿಸೋಕೆ ತಕರಾರಿಲ್ಲ. ಆದರೆ ಒಂದು ವಾಹನದ ಸ್ವಂತ ವಸ್ತುವನ್ನು ಆ ವಾಹನವೇ ಹೊರತಕ್ಕದ್ದಲ್ಲ. ಬೇರೆ ವಾಹನ ಹೊರಲಿ."

ಬ್ಯಾಟರಿ ಮೊದಲಿದ್ದ ಜಾಗಕ್ಕೇ ವಾಪಸ್ ಇಡೋಣವೆಂದು ಸಹಾಯಕ ಮೇಲ್ವಿಚಾರಕರ ಬಳಿ ಹೋದ. ಅವರು ಚಹಾ ಆರಿಸುತ್ತ ಕೇಳಿದರು. "ಇಡು, ಯಾರು ಬೇಡ ಅಂದ್ರು? ಆದರೆ ವಾಪಸ್ ಇಟ್ರೆ ಸುಧಾರಣೆ ರದ್ದು. ಸುಧಾರಣೆ ರದ್ದಾದ್ರೆ ನೀನೂ ರದ್ದು."

ವಿಜ್ಞಾನ ಓದಿದವನಿಗೆ ಸತ್ಯ ಗೊತ್ತಿರುತ್ತದೆ. ನಡುಮನೆಯಲ್ಲಿ ಮಲಗುವವನಿಗೆ ಇನ್ನೂ ಕೆಲವು ವಿಷಯ ಗೊತ್ತಿರುತ್ತವೆ. ಅವನು ಪೆನ್ಸಿಲ್ ಚೂಪು ಮಾಡಿಕೊಂಡು ಕೂತ.

ಹಿಂದಿನ ಗಾಡಿಯ ಬ್ಯಾಟರಿಯನ್ನು ಮುಂದಿನ ಗಾಡಿಯ ತೊಟ್ಟಿಯಲ್ಲಿಟ್ಟು ತಂತಿ ಎಳೆಯಬಹುದು. ಆದರೆ ಸಾಲಿನಲ್ಲಿ ಎಲ್ಲಕ್ಕಿಂತ ಮುಂದಿರುವ ಗಾಡಿಯ ಬ್ಯಾಟರಿಯನ್ನು ಯಾರು ಹೊರಬೇಕು? ಅದಕ್ಕೆ ಮುಂದೆ ಯಾರೂ ಇಲ್ಲ. ಸಂಜೆಯ ಹೊತ್ತಿಗೆ ಉತ್ತರ ಹೊಳೆಯಿತು: ನಾಲ್ಕೂ ಗಾಡಿಗಳು ವೃತ್ತಾಕಾರದಲ್ಲಿ ನಿಂತರೆ ಎಲ್ಲರ ಮುಂದೂ ಒಬ್ಬರಿರುತ್ತಾರೆ. ಅವನಿಗೆ ತನ್ನ ಬಗ್ಗೆಯೇ ಗೌರವ ಉಂಟಾಯಿತು.

ಅಂಗಳದಲ್ಲಿ ಪ್ರಯೋಗ ನಡೆಯಿತು. ನಾಲ್ಕೂ ಇಂಜಿನ್ನುಗಳು ಒಟ್ಟಿಗೆ ಗುರುಗುಟ್ಟಿದವು. ಪರಿಶೋಧಕರು ತಲೆದೂಗಿದರು. ಗಾಡಿಗಳು ಮೆಲ್ಲಗೆ ಒಂದು ಸುತ್ತು ಬಂದವು.

ಹಿರಿಯ ಚಾಲಕ ಕಿಟಕಿಯಿಂದ ತಲೆ ಹೊರಹಾಕಿದ. "ಸಾಯೇಬ್ರೆ, ಗೇಟ್ ಕಡೆ ತಿರುಗಿಸಿದ್ರೆ ತಂತಿ ಕಿತ್ತು ಬರುತ್ತೆ."

"ತಿರುಗಿಸಬೇಡ," ಎಂದರು ಮೇಲ್ವಿಚಾರಕರು.

"ಮತ್ತೆ ಬೀದಿಗೆ ಹೋಗೋದು ಹೇಗೆ?"

"ಗಾಡಿ ಓಡ್ತಾ ಇದೆ ತಾನೆ?"

"ಓಡ್ತಾ ಇದೆ."

"ಇನ್ನೇನು ನಿನ್ನ ಕಷ್ಟ?"

ಚಾಲಕ ಯೋಚಿಸಿದ. ಗೇಟಿನಾಚೆ ಗುಂಡಿಗಳಿದ್ದವು, ಬೈಯುವ ಜನರಿದ್ದರು. ತಲೆ ಒಳಗೆಳೆದುಕೊಂಡು ಇನ್ನೊಂದು ಸುತ್ತು ಹಾಕಿದ. ಸಹಾಯಕ ಅಂದೇ ಕಾಯಂ ಆದ. ಮನೆಯಲ್ಲಿ ಅವನ ಹಾಸಿಗೆಯನ್ನು ಭಾವನೇ ಕೈಯಾರೆ ಕಟ್ಟಿಕೊಟ್ಟರು.

ಏಣಿ ಹೊತ್ತು ಬರುವ ಗಾಡಿಗಳಿಲ್ಲದೆ ಬೀದಿದೀಪಗಳು ಒಂದೊಂದಾಗಿ ಆರಿದವು. ಕಚೇರಿ ಕೈಕಟ್ಟಿ ಕೂರಲಿಲ್ಲ, ಪ್ರಕಟಣೆ ಹೊರಡಿಸಿತು: "ದೀಪದ ದುರಸ್ತಿ ಬಯಸುವ ನಾಗರಿಕರು ತಮ್ಮ ಬೀದಿಯ ಕಂಬವನ್ನು ಕಚೇರಿಯ ಅಂಗಳಕ್ಕೆ ತರತಕ್ಕದ್ದು. ದುರಸ್ತಿಯ ನಂತರ ಅದೇ ಗುಂಡಿಯಲ್ಲಿ ನೆಡತಕ್ಕದ್ದು."

ಮೊದಲ ದಿನ ಜನ ಗೊಣಗಿದರು. ಮರುದಿನ ಹಾರೆ ತಂದರು. ವಾರ ಕಳೆಯುವಷ್ಟರಲ್ಲಿ ಗೇಟಿನಿಂದ ತಿರುವಿನವರೆಗೆ ಕಂಬಗಳ ಸಾಲು. ಹೆಗಲಿಗೆ ಟವೆಲ್ ಸುತ್ತಿಕೊಂಡರೆ ಅಷ್ಟೇನೂ ನೋಯಲ್ಲ ಎಂದು ಹಳಬರು ಹೊಸಬರಿಗೆ ಹೇಳಿಕೊಡುತ್ತಿದ್ದರು.

ಸಾಲಿನ ಮಧ್ಯದಲ್ಲಿ, ನೆರೆಮನೆಯವರೊಂದಿಗೆ ಒಂದು ಕಂಬ ಹೊತ್ತು ಭಾವ ನಿಂತಿದ್ದರು. ಸಹಾಯಕನನ್ನು ಕಂಡು ದನಿ ತಗ್ಗಿಸಿದರು.

"ನೀನೀಗ ಕಾಯಂ ಅಲ್ವಾ. ನಮ್ಮ ಕಂಬ ಸ್ವಲ್ಪ ಮುಂದೆ ಬಿಡಿಸಪ್ಪಾ."

ಸಹಾಯಕ ಸುತ್ತ ನೋಡಿದ. ಅಂಗಳದಲ್ಲಿ ಗಾಡಿಗಳು ನಿಯಮಾನುಸಾರ ಸುತ್ತುತ್ತಿದ್ದವು.

"ಸ್ವಂತ ಕೆಲಸಕ್ಕೆ ಕಚೇರಿ ಬಳಸೋ ಹಾಗಿಲ್ಲ, ಭಾವ," ಎಂದ. "ಸಾಲಲ್ಲೇ ಬನ್ನಿ."

ಭಾವ ತಲೆಯಾಡಿಸಿ, ಕಂಬವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡರು.